ಅಟ್ಟದ ಮೇಲಿನ ಏಂಡಿ ಬಲೆಯನ್ನು ಮತ್ತೆ ಕಡಲಿಗೆ ಇಳಿಸಬಹುದೇ?

ಅಳಿವೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ತಾಲ್ಲೂಕಿನ ಕಡಲಂಚಿನ ಒಂದು ಸಣ್ಣ ಕೇರಿಯವನು. ಹನ್ನೊಂದು ವರ್ಷ ಗೋವಾದ ವೆರ್ಣಾದಲ್ಲಿ ಕಾರ್ಖಾನೆ ಕೆಲಸ ಮಾಡಿ, ಅಪ್ಪನಿಗೆ ಕೈಲಾಗದಾದ ಮೇಲೆ, ಕಳೆದ ವರ್ಷ ಮನೆಗೆ ಮರಳಿದ್ದೇನೆ. ಈ ಮಳೆಗಾಲದಲ್ಲಿ ದೋಣಿಮನೆಯ ಮಾಡು ಸೋರುತ್ತಿದೆಯೆಂದು ಅಟ್ಟ ಹತ್ತಿದಾಗ, ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಅಜ್ಜನ ಕಾಲದ ಏಂಡಿ ಬಲೆ, ಅಂದರೆ ದಂಡೆಯಲ್ಲಿ ನಿಂತು ಎಳೆಯುವ ಬಲೆ, ಕಣ್ಣಿಗೆ ಬಿತ್ತು. ಒಂದು ಮೂಲೆಯನ್ನು ಇಲಿ ಕಡಿದಿದೆ. ಉಳಿದ ನೈಲಾನನ್ನು ಎಳೆದು ನೋಡಿದರೆ ಹರಿಯುವುದಿಲ್ಲ. ಸೀಸದ ಗುಂಡುಗಳಲ್ಲಿ ಅರ್ಧಕ್ಕರ್ಧ ಇಲ್ಲ, ಕತ್ತದ ಹಗ್ಗವಂತೂ ಮುಟ್ಟಿದರೆ ಪುಡಿಯಾಗುತ್ತದೆ.

ಬಲೆಯನ್ನು ಕೆಳಗಿಳಿಸಿ ಅಂಗಳದಲ್ಲಿ ಹರಡಿದಾಗ ಕೇರಿಯ ನಾಲ್ಕಾರು ಜನ ಬಂದು ನಿಂತರು. ಅವರಲ್ಲಿ ಕಣ್ಣು ಸರಿಯಾಗಿ ಕಾಣದ ಒಬ್ಬ ಮುದುಕರು ಕೂತಲ್ಲಿಂದಲೇ ಬಲೆಯ ಕಣ್ಣುಗಳನ್ನು ಬೆರಳಿನಿಂದ ತಡವಿ, ಇದು ನಡುವಿನ ಪಟ್ಟಿ, ಇದು ರೆಕ್ಕೆಯದು, ಇದನ್ನು ಯಾರೋ ಆಮೇಲೆ ತಪ್ಪಾಗಿ ಸೇರಿಸಿದ್ದಾರೆ ಎಂದು ಬೇರ್ಪಡಿಸಿ ಹೇಳಿದರು. ನಾವು ಅಳತೆ ಕೋಲು ಹಿಡಿದು ನೋಡಿದಾಗ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಂದಿನಿಂದ ಕೇರಿಯಲ್ಲಿ ಒಂದು ಮಾತು ಓಡಾಡುತ್ತಿದೆ: ನಾರಳಿ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ, ಈ ಬಲೆಯನ್ನು ಸರಿಪಡಿಸಿ ಒಮ್ಮೆ ಹಾಕಿ ನೋಡಿದರೆ ಹೇಗೆ?

ನನಗೂ ಆಸೆಯಿದೆ, ಆದರೆ ಅನುಮಾನಗಳು ಅದಕ್ಕಿಂತ ಹೆಚ್ಚಿವೆ. ನಮ್ಮಲ್ಲಿ ಸುಮಾರು 40 ಮನೆಗಳಿದ್ದರೂ ಗಟ್ಟಿ ಕೈಯ ಗಂಡಸರಲ್ಲಿ ಹೆಚ್ಚಿನವರು ಮಲ್ಪೆಯಲ್ಲೋ ಗೋವಾದಲ್ಲೋ ಬೋಟಿಗೆ ಹೋಗುತ್ತಾರೆ. ಬೆಳಗಿನ ಹೊತ್ತು ಒಟ್ಟಿಗೆ 20 ಮಂದಿ ಸಿಗುವುದು ಕಷ್ಟ. ಎರಡನೆಯದಾಗಿ, ಕಡಲ್ಕೊರೆತಕ್ಕೆಂದು ಹಾಕಿದ ಕಲ್ಲಿನ ತಡೆಗೋಡೆ ನಮ್ಮ ದಂಡೆಯ ಮುಕ್ಕಾಲು ಪಾಲನ್ನು ನುಂಗಿದೆ. ಮೂರನೆಯದು ನನಗೆ ಎಲ್ಲಕ್ಕಿಂತ ತೊಡಕಾಗಿ ಕಾಣುತ್ತಿದೆ. ಹಿಂದೆ ಹಿಡಿದ ಮೀನನ್ನು ಯಾವ ಲೆಕ್ಕದಲ್ಲಿ ಹಂಚುತ್ತಿದ್ದರು ಎಂಬುದನ್ನು ಇಬ್ಬರು ಹಿರಿಯರು ಎರಡು ರೀತಿ ಹೇಳುತ್ತಾರೆ. ಈ ಬಲೆಯೊಡನೆ ದುಡಿದವರು, ಅಥವಾ ದುಡಿದವರನ್ನು ಹತ್ತಿರದಿಂದ ಕಂಡವರು ಇಲ್ಲಿ ಇದ್ದರೆ ತಿಳಿಸಬೇಕೆಂದು ಕೋರುತ್ತೇನೆ. ಇದು ಬದುಕಿಗೆ ಆದೀತೇ, ಇಲ್ಲ ಬರೀ ಹಳೆಯ ನೆನಪಿನ ಆಟವೇ ಎಂಬುದನ್ನೂ ಮುಲಾಜಿಲ್ಲದೆ ಹೇಳಿ.

ಹಳೇ ತಾಂಡೇಲ

ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ, ಹೆಚ್ಚುಕಡಿಮೆ ಇದ್ದರೆ ಕ್ಷಮಿಸಬೇಕು. ನಾನು ಕಾರವಾರದ ದಕ್ಷಿಣಕ್ಕಿದ್ದ ಕೇರಿಯವನು. ಸೀಬರ್ಡ್ ನೌಕಾನೆಲೆಗಾಗಿ ಎದ್ದುಹೋದ ಊರುಗಳಲ್ಲಿ ನಮ್ಮದೂ ಒಂದು. ಆ ಕಥೆ ಇಲ್ಲಿ ಬೇಡ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಿಮ್ಮ ಅಟ್ಟದಲ್ಲಿರುವುದು ಏಂಡಿ, ರಂಪಣಿಯಲ್ಲ. ಎರಡೂ ದಂಡೆಯಿಂದ ಎಳೆಯುವ ಬಲೆಗಳೇ, ಆದರೆ ರಂಪಣಿಯ ಮುಂದೆ ಏಂಡಿ ಮರಿ ಇದ್ದ ಹಾಗೆ. ರಂಪಣಿಗೆ 80 ಜನರಿಗಿಂತ ಕಡಿಮೆ ಆದರೆ ನಡೆಯುತ್ತಿರಲಿಲ್ಲ, ಕೆಲವು ದಿನ 100 ದಾಟುತ್ತಿತ್ತು. ಬಲೆಯ ಒಂದೊಂದು ತುಂಡು ಒಂದೊಂದು ಮನೆಯದು. ಹಂಗಾಮಿನ ಮೊದಲು ಎಲ್ಲರೂ ತಮ್ಮ ತಮ್ಮ ತುಂಡು ಹೊತ್ತು ತಂದು ದಂಡೆಯಲ್ಲಿ ಸೇರಿಸಿ ಹೊಲಿದರೆ ಆಗ ಅದು ರಂಪಣಿ. ಹೀಗಾಗಿ ಒಬ್ಬನಿಗೆ ಸಿಟ್ಟು ಬಂದು ತನ್ನ ತುಂಡು ಬಿಚ್ಚಿಕೊಂಡು ಹೋದರೆ ಊರಿಗೆ ಊರೇ ಆ ದಿನ ಕೂತಿರಬೇಕಾಗುತ್ತಿತ್ತು. ಜಗಳವನ್ನು ರಾತ್ರಿಯೇ ಮುಗಿಸುವ ರೂಢಿ ಬಂದದ್ದು ಅದಕ್ಕೇ, ನಾವು ಒಳ್ಳೆಯವರಾಗಿದ್ದೆವು ಎಂದಲ್ಲ.

ಎಳೆಯುವ ಕ್ರಮ ಎರಡಕ್ಕೂ ಒಂದೇ. ಹಗ್ಗದ ಒಂದು ತುದಿಯನ್ನು ದಂಡೆಯಲ್ಲಿ ಬಿಟ್ಟು, ದೋಣಿ ಬಲೆಯನ್ನು ಇಳಿಸುತ್ತ ಅರ್ಧ ಚಂದ್ರಾಕಾರವಾಗಿ ಕಡಲಲ್ಲಿ ಸುತ್ತಿ, ಮೀನಿನ ಗುಂಪನ್ನು ಒಳಗೆ ಹಾಕಿಕೊಂಡು, ಇನ್ನೊಂದು ತುದಿಯನ್ನು ದೂರದಲ್ಲಿ ದಂಡೆಗೆ ತಂದು ಕೊಡುತ್ತದೆ. ಆಮೇಲೆ ಎರಡು ಗುಂಪುಗಳು ಎರಡು ಹಗ್ಗ ಎಳೆಯುತ್ತ ಮೆಲ್ಲಗೆ ಒಂದರ ಹತ್ತಿರ ಒಂದು ಬರುತ್ತವೆ. ಇಲ್ಲಿ ಬಲಕ್ಕಿಂತ ಸಮ ಮುಖ್ಯ. ಒಂದು ಕಡೆ ಮುಂದಾದರೆ ಬಲೆ ಓರೆಯಾಗಿ ಸೀಸದ ಅಂಚು ನೆಲ ಬಿಟ್ಟು ಏಳುತ್ತದೆ, ಬಂಗಡೆ ಅಡಿಯಿಂದ ನುಸುಳಿ ಹೋಗುತ್ತದೆ. ನನ್ನ ಹನ್ನೆರಡನೇ ವಯಸ್ಸಿನಲ್ಲಿ ನನಗೆ ಕೊಟ್ಟ ಕೆಲಸ ಹಗ್ಗ ಎಳೆಯುವುದಲ್ಲ, ಎಳೆದ ಹಗ್ಗವನ್ನು ಹಿಂದೆ ಕೂತು ಸುರುಳಿ ಸುತ್ತುವುದು. ಒದ್ದೆ ಕತ್ತದ ಹಗ್ಗ ಅಂಗೈ ಸಿಪ್ಪೆಯನ್ನು ಎತ್ತಿಬಿಡುತ್ತದೆ. ಆ ದಿನ ಮಧ್ಯಾಹ್ನ ಸಾರು ಕಲಸಿದ ಅನ್ನಕ್ಕೆ ಕೈ ಹಾಕಿದಾಗ ಹತ್ತಿದ ಉರಿಯನ್ನು ಮರೆತಿಲ್ಲ. ಆದರೆ ನನಗೂ ಕಾಲು ಪಾಲು ಬಂದಿತ್ತು.

ರಂಪಣಿಯ ಒಂದು ಗುಣ ಈಗಿನವರಿಗೆ ಗೊತ್ತಿರಲಾರದು. ಹೆಚ್ಚು ಮೀನು ಬಿದ್ದರೆ ಪೂರ್ತಿ ಎಳೆಯದೆ, ದಂಡೆಯ ಹತ್ತಿರದ ನೀರಿನಲ್ಲೇ ಬಲೆಯನ್ನು ಗೋಡೆಯಂತೆ ನಿಲ್ಲಿಸಿ, ಜೀವಂತ ಮೀನನ್ನು ಎರಡು ಮೂರು ದಿನ ಇಟ್ಟುಕೊಂಡು, ಪೇಟೆಗೆ ಬೇಕಾದಷ್ಟನ್ನೇ ತೆಗೆಯುತ್ತಿದ್ದೆವು. ಐಸ್ ಇಲ್ಲದ ಕಾಲದಲ್ಲಿ ಅದೇ ನಮ್ಮ ಕೋಲ್ಡ್ ಸ್ಟೋರೇಜ್. ಅದಕ್ಕೂ ಮೀರಿ ತಾರ್ಲೆ (ಬೂತಾಯಿ ಮೀನು) ಬಂದರೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ಈಗ ಪಾಲಿನ ಮಾತು. ನಿಮ್ಮ ಇಬ್ಬರು ಹಿರಿಯರೂ ಸುಳ್ಳು ಹೇಳುತ್ತಿಲ್ಲ, ಒಂದೊಂದು ದಂಡೆಯಲ್ಲಿ ಒಂದೊಂದು ಕ್ರಮವಿತ್ತು. ನಮ್ಮಲ್ಲಿ ಮೊದಲು ದೇವರದ್ದು ತೆಗೆದಿಟ್ಟು, ಉಳಿದದ್ದರಲ್ಲಿ ಬಲೆಯ ತುಂಡುಗಳಿಗೆ ಒಂದು ಭಾಗ, ದೋಣಿಗೆ ಒಂದು ಭಾಗ, ಕೈಗಳಿಗೆ ಒಂದು ಭಾಗ. ಕೈಗಳ ಭಾಗದಲ್ಲಿ ಗುಂಪಿನ ಮುಂದಾಳಾದ ತಾಂಡೇಲನಿಗೆ ಎರಡು ವಾಂಟೊ (ಪಾಲು), ಕಡಲ ಬಣ್ಣ ನೋಡಿ ಮೀನಿನ ಗುಂಪು ಗುರುತಿಸುವವನಿಗೆ ಒಂದೂವರೆ, ಉಳಿದವರಿಗೆ ಒಂದೊಂದು. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತನೂ ಬಂದು ಹಗ್ಗ ಹಿಡಿದರೆ ಅವನನ್ನು ಬರಿಗೈಯಲ್ಲಿ ಕಳಿಸುವಂತಿರಲಿಲ್ಲ. ಈ ಕೊನೆಯದನ್ನು ನೀವು ಬಿಟ್ಟರೆ ಏಂಡಿ ಹಾಕುವುದು ಬೇಡ, ಅದಕ್ಕಿಂತ ನಾಲ್ಕು ಜನ ಸೇರಿ, ಮೀನು ಕಿವಿರಿಗೆ ಸಿಕ್ಕಿಕೊಳ್ಳುವ ಒಂದು ಗಿಲ್‌ನೆಟ್ ಕೊಳ್ಳಿ.

ಬೈತಖೋಲದವ

ತಾಂಡೇಲರ ಬಗ್ಗೆ ಗೌರವವಿದೆ. ಆದರೆ ಇಂಥ ಚರ್ಚೆಗಳಲ್ಲಿ ಮುಂದಿನ ವಾಕ್ಯ ಯಾವಾಗಲೂ, ಪರ್ಸೀನ್ ಬಂದು ರಂಪಣಿಯನ್ನು ತಿಂದಿತು ಎಂದಿರುತ್ತದೆ. ಅದು ಬರುವ ಮುಂಚೆಯೇ ನಾನು ನನ್ನದನ್ನು ಹೇಳಿಬಿಡುತ್ತೇನೆ. ನಾನು ಒಂದು ಪರ್ಸೀನ್ ಬೋಟಿನ ಪಾಲುದಾರ.

1970ರ ದಶಕದ ನಡುಭಾಗದಲ್ಲಿ ಪರ್ಸೀನ್ ನಮ್ಮ ಕರಾವಳಿಗೆ ಬಂತು, ಐದಾರು ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ದಂಡೆಗೆ ಬಿದ್ದವು. ಇದು ನಿಜ. ಗುಂಪನ್ನು ಆಳ ನೀರಿನಲ್ಲೇ ಸುತ್ತುವರಿದು ಅಡಿಯ ಹಗ್ಗ ಬಿಗಿದು ಚೀಲದಂತೆ ಕಟ್ಟಿಬಿಟ್ಟರೆ, ದಂಡೆಯಲ್ಲಿ ಕಾಯುತ್ತ ಕೂತವನ ಹತ್ತಿರ ಮೀನು ಬರುವುದೆಲ್ಲಿಂದ? ಆದರೆ ಆ ಬೋಟುಗಳನ್ನು ಕೊಂಡವರು ಎಲ್ಲರೂ ಬೇರೆ ಲೋಕದಿಂದ ಇಳಿದವರಲ್ಲ. ನನ್ನ ತಂದೆ ರಂಪಣಿಯಲ್ಲಿದ್ದ ತಮ್ಮ ತುಂಡುಗಳನ್ನು ಮಾರಿ, ಇನ್ನಿಬ್ಬರ ಜೊತೆ ಸಾಲ ತೆಗೆದು ಬೋಟು ಕಟ್ಟಿಸಿದರು. ಹಿಂದೆ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟು ಅದಕ್ಕೂ ಮೊದಲಿನದು. ನಾರ್ವೆ ದೇಶದ ನೆರವಿನ ಮೀನುಗಾರಿಕೆ ಯೋಜನೆ 1960ರ ದಶಕದಲ್ಲೇ ಕಾರವಾರಕ್ಕೂ ಕಾಲಿಟ್ಟಿತ್ತು. ಎಂಜಿನ್ ನೋಡಿದ ಮೇಲೆ ಮಗನಿಗೆ ಹಗ್ಗ ಕೊಡಲು ಯಾವ ತಂದೆಗೂ ಮನಸ್ಸು ಬರಲಿಲ್ಲ.

ಈಗ ನಮ್ಮ ಸ್ಥಿತಿ ಕೇಳಿ. ನನ್ನ ಬೋಟಿನ ಖಲಾಸಿಗಳಲ್ಲಿ ಅರ್ಧ ಜನ ಒಡಿಶಾ ಮತ್ತು ಜಾರ್ಖಂಡದವರು, ಮುಂಗಡ ಕೊಡದೆ ಒಬ್ಬರೂ ಹತ್ತುವುದಿಲ್ಲ. ಜಿಪಿಎಸ್ ಇದೆ, ಫಿಶ್ ಫೈಂಡರ್ ಇದೆ, ಮೀನು ಸಿಗಬಹುದಾದ ಜಾಗದ ಸೂಚನೆ ಮೊಬೈಲಿಗೇ ಬರುತ್ತದೆ. ಆದರೂ ತಿಂಗಳಿಗೆ ಏಳೆಂಟು ದಿನ ಡೀಸೆಲ್ ಹಣ ಹುಟ್ಟುವುದಿಲ್ಲ. ಕಳೆದ ಹಂಗಾಮಿನಲ್ಲಿ ಒಂದು ರಾತ್ರಿ ಬಲೆ ಭಾರವಾಗಿದೆಯೆಂದು ಎಲ್ಲರೂ ಹುರುಪಿನಿಂದ ಎಳೆದರೆ, ಮೇಲೆ ಬಂದದ್ದು ಪೂರ್ತಿ ಕಾರ್ಗಿಲ್ ಎಂಬ ಮೀನು. ಆ ಕಪ್ಪು ಮೀನನ್ನು ಇಲ್ಲಿ ತಿನ್ನುವವರಿಲ್ಲ, ಫಿಶ್‌ಮೀಲ್ ಕಾರ್ಖಾನೆಗೆ ಸಿಕ್ಕ ದರಕ್ಕೆ ಕೊಟ್ಟು, ಹರಿದ ಬಲೆ ಹೊಲಿಯುತ್ತ ನಾಲ್ಕು ದಿನ ದಕ್ಕೆಯಲ್ಲೇ ಕಳೆದೆವು. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ, ಎರಡು ಬೋಟು ಸೇರಿ ಒಂದು ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಹಾಗಿದ್ದೂ ರಾತ್ರಿ ದೂರದಲ್ಲಿ ಕಡಲು ಮದುವೆ ಮನೆಯಂತೆ ಹೊಳೆಯುವುದನ್ನು ಕಂಡಾಗ, ನನ್ನ ತಂದೆಯನ್ನು ಕಂಡು ರಂಪಣಿಯವರಿಗೆ ಏನನ್ನಿಸಿತ್ತೋ ಅದೇ ನನಗೆ ಅನ್ನಿಸುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಳಿವೆದಂಡೆಯವರೇ, ಏಂಡಿಯಿಂದ 40 ಮನೆ ಬದುಕುವುದಿಲ್ಲ. ಆದರೆ ಅದಕ್ಕೆ ಡೀಸೆಲ್ ಬೇಡ, ಐಸ್ ಬೇಡ, ಮುಂಗಡ ಬೇಡ. ನಷ್ಟವಾದರೆ ಒಂದು ಬೆಳಗಿನ ಬೆವರು ಮಾತ್ರ. ಈ ಲೆಕ್ಕದಲ್ಲಿ ನನಗಿಂತ ನೀವು ಗಟ್ಟಿ. ಇನ್ನೊಂದು ಮಾತು: ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಂತ್ರದ ಬೋಟುಗಳಿಗೆ, ಯಂತ್ರವಿಲ್ಲದ ನಾಡದೋಣಿಗೆ ವಿನಾಯಿತಿ ಇದೆ. ಅದನ್ನು ನಂಬಿ ಆ ತಿಂಗಳಲ್ಲಿ ಇಳಿಯಬೇಡಿ, ಕಾನೂನು ಬಿಟ್ಟರೂ ತೆರೆ ಬಿಡುವುದಿಲ್ಲ.

ಹೆಡಿಗೆ

ನನ್ನ ತಾಯಿ ಕುಮಟಾ ಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೀನು ಮಾರಿದವರು; ನಾನು ಓದಿ ಶಿಕ್ಷಕಿಯಾದದ್ದು ಆ ಹೆಡಿಗೆಯ ದುಡ್ಡಿನಿಂದ. ಮೇಲಿನ ಎರಡೂ ಬರಹಗಳನ್ನು ಓದಿದಾಗ, ಕಡಲ ಕಥೆಯಲ್ಲಿ ಹೆಂಗಸರು ಮೀನು ದಂಡೆಗೆ ಬಿದ್ದ ಮೇಲಷ್ಟೇ ಹುಟ್ಟುತ್ತಾರೇನೋ ಎಂಬ ಅನುಮಾನ ಬಂತು.

ರಂಪಣಿ ಹೋದದ್ದರಿಂದ ಗಂಡಸರು ಹಗ್ಗ ಬಿಟ್ಟು ಬೋಟು ಹತ್ತಿದರು. ನಮ್ಮವರಿಗೆ ಆದದ್ದು ಬೇರೆ. ಮೀನು ಮನೆಯೆದುರಿನ ಮರಳಿಗೆ ಬರುತ್ತಿದ್ದಾಗ ಅಮ್ಮ ಬೆಳಿಗ್ಗೆ ಸಾಲವಾಗಿ ಎತ್ತಿಕೊಂಡು, ಸಂಜೆ ಮಾರಿ ಬಂದು ಹಣ ಕೊಡುತ್ತಿದ್ದಳು. ಸಾಲ ಕೊಟ್ಟವನು ಗಂಡನೋ ಭಾವನೋ ಪಕ್ಕದ ಮನೆಯವನೋ ಆಗಿರುತ್ತಿದ್ದ. ಮೀನು ಬಂದರಿಗೆ ಹೋಗಲು ಶುರುವಾದ ಮೇಲೆ ಲಿಲಾವು (ಹರಾಜು) ಬಂತು. ಅಲ್ಲಿ ಬುಟ್ಟಿ ಲೆಕ್ಕವಿಲ್ಲ, ರಾಶಿ ಲೆಕ್ಕ. ಲಾರಿಯವನ ಜೊತೆ ಪೈಪೋಟಿಗೆ ನಿಲ್ಲಲು ಕೈಯಲ್ಲಿ ನಗದು ಬೇಕು. ಅಮ್ಮನಂಥ ನಾಲ್ಕೈದು ಹೆಂಗಸರು ಸೇರಿ ಒಂದು ರಾಶಿ ಹಿಡಿದು, ಅಲ್ಲೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ದೊಡ್ಡ ಬಂಗಡೆ ಇವಳಿಗೆ, ಸಣ್ಣದು ನನಗೆ ಎಂದು ಜಗಳವಾಡುತ್ತ ಹಂಚಿಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಮುಂಚಿನ ಒಣಮೀನಿನ ಕೆಲಸವೂ ಹಾಗೆಯೇ ಸೊರಗಿತು. ಸಾಣಿಕಟ್ಟೆಯ ಉಪ್ಪು ತಂದು, ಮೀನು ಸೀಳಿ ಉಪ್ಪು ತುಂಬಿ, ತೆಂಗಿನ ಮಡಲಿನ ಮೇಲೆ ಹರಡಿ, ಕಾಗೆ ನಾಯಿ ಕಾಯುತ್ತ ಕೂರಲು ಅಗಲವಾದ ಮರಳು ಬೇಕು. ಇದ್ದ ಮರಳಿನಲ್ಲಿ ಸ್ವಲ್ಪ ಕಲ್ಲಿನ ಅಡಿ ಹೋಯಿತು, ಸ್ವಲ್ಪ ಪ್ರವಾಸಿಗರ ವಾಹನಗಳಿಗೆ.

ತಾಂಡೇಲರು ಪಾಲಿನ ಪಟ್ಟಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ದೇವರಿಗಿತ್ತು, ದೋಣಿಗಿತ್ತು, ದಾರಿಹೋಕನಿಗೂ ಇತ್ತು. ಬಲೆಯಿಂದ ಜಾರಿ ಮರಳಿಗೆ ಬಿದ್ದ ಮೀನನ್ನು ಆರಿಸಿಕೊಳ್ಳುತ್ತಿದ್ದ ವಿಧವೆಯರಿಗೆ ಸಿಕ್ಕದ್ದು ದಯೆ, ಪಾಲಲ್ಲ. ನೀವು ಇಪ್ಪತ್ತು ಗಂಡಸರು ಸಿಗುವುದಿಲ್ಲ ಎಂದು ಬರೆದಿದ್ದೀರಿ. 40 ಮನೆಗಳಲ್ಲಿ ಬೆಳಿಗ್ಗೆ ಎಷ್ಟು ಹೆಂಗಸರು ಇರುತ್ತಾರೆಂದು ಎಣಿಸಿದ್ದೀರಾ? ಸಮ ಮುಖ್ಯ, ಬಲವಲ್ಲ ಎಂದು ತಾಂಡೇಲರೇ ಹೇಳಿದ್ದಾರಲ್ಲ. ಹಗ್ಗ ಹಿಡಿದವಳಿಗೂ ಒಂದು ಪೂರ್ತಿ ವಾಂಟೊ ಎಂದು ಮೊದಲ ದಿನವೇ ಬರೆದಿಡಿ.

ದೇವಿಮನೆ ಮೇಲಿನವ

ನಾನು ಶಿರಸಿಯವನು, ಮೀನುಗಾರಿಕೆಯ ಬಗ್ಗೆ ಏನೂ ತಿಳಿಯದು. ಘಟ್ಟ ಹತ್ತಿ ನಮ್ಮ ಪೇಟೆಗೆ ಬರುವ ಬಂಗಡೆ ಎಷ್ಟು ದಿನದ ಐಸಿನಲ್ಲಿ ಮಲಗಿತ್ತೆಂದು ಕೇಳುವ ಧೈರ್ಯ ನಮಗಿಲ್ಲ. ದಂಡೆಯಿಂದ ಅದೇ ದಿನ ಹೊರಟ ಮೀನು ಎಂದು ಯಾರಾದರೂ ಖಾತ್ರಿಯಿಂದ ತಂದರೆ, ಒಂದಿಷ್ಟು ಹೆಚ್ಚು ಕೊಡುವ ಮನೆಗಳು ಇಲ್ಲಿ ಇವೆ. ಇಷ್ಟನ್ನು ಹೇಳಲು ಬಂದೆ.

ಶರಾವತಿ ತೆಂಕಣ

ಕಲ್ಲಿನ ಗೋಡೆಯ ಬಗ್ಗೆ ಯಾರೂ ಉತ್ತರಿಸಲಿಲ್ಲ, ನನಗೆ ಅದೇ ಮೊದಲು ಬಗೆಹರಿಯಬೇಕಾದದ್ದು ಎನಿಸುತ್ತದೆ. ನಮ್ಮ ಹೊನ್ನಾವರದ ಕಡೆ ನಾವು ಇದನ್ನು ಕಂಡು ಕಲಿತಿದ್ದೇವೆ. ಗೋಡೆ ಇರುವಲ್ಲಿ ಮನೆ ಉಳಿಯುತ್ತದೆ, ಆದರೆ ತೆರೆ ಕಲ್ಲಿಗೆ ಬಡಿದು ಹಿಂದಿರುಗುವಾಗ ಗೋಡೆಯ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕೊನೆಯಲ್ಲಿ ಕೊರೆತ ಇನ್ನೂ ಹೆಚ್ಚಾಗುತ್ತದೆ. ಹೀಗಾಗಿ ಗೋಡೆಯ ಪಕ್ಕಕ್ಕೇ ಬಲೆ ಎಳೆಯುವ ಯೋಚನೆ ಬೇಡ. ಉರುಳಿದ ಒಂದು ಕಲ್ಲು ನೀರಿನಡಿ ಇದ್ದರೂ ಸೀಸದ ಅಂಚು ಅದಕ್ಕೆ ಸಿಕ್ಕಿ, ಇಡೀ ಬಲೆ ಹರಿದು ಕೈಗೆ ಬರುತ್ತದೆ.

ಅಳಿವೆಯ ಬಾಯಿಯಲ್ಲಿ ಮರಳ ದಿಬ್ಬವಿದ್ದರೆ ಅದನ್ನು ನೋಡಿ. ಅಲ್ಲಿ ಇಳಿಜಾರು ನಯವಾಗಿರುತ್ತದೆ, ಆದರೆ ಆ ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಕಳೆದ ವರ್ಷದ ನೆನಪಿನಿಂದ ಈ ವರ್ಷ ಬಲೆ ಹಾಕುವಂತಿಲ್ಲ. ಭರತ ಇಳಿಯುವಾಗ ಹೊಳೆಯ ಸೆಳೆತ ಬಲೆಯನ್ನು ಹೊರಗೆ ಒಯ್ಯುತ್ತದೆ, ಆದ್ದರಿಂದ ನೀರು ನಿಂತ ಹೊತ್ತನ್ನೇ ಹಿಡಿಯಬೇಕು.

ಮತ್ತೊಂದು: ಚಳಿಗಾಲದ ತಿಂಗಳುಗಳಲ್ಲಿ ನಮ್ಮ ಕಾಸರಕೋಡ ಟೊಂಕದ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ದಂಡೆಗೆ ಬರುತ್ತವೆ, ನಿಮ್ಮಲ್ಲಿಯೂ ಬರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಅದಕ್ಕೆ ರಕ್ಷಣೆ ಇದೆ. ಏಂಡಿಯಲ್ಲಿ ಆಮೆ ಸಿಕ್ಕರೆ ಅದು ಸಾಮಾನ್ಯವಾಗಿ ಜೀವಂತವಾಗಿಯೇ ಇರುತ್ತದೆ. ಬಲೆ ಪೂರ್ತಿ ಮರಳಿಗೆ ಬರುವ ಮುಂಚೆ, ಸೊಂಟದ ನೀರಿನಲ್ಲೇ ಇಬ್ಬರು ನಿಂತು ಬೆಂಡಿನ ಅಂಚನ್ನು ಒತ್ತಿ ಅದನ್ನು ದಾಟಿಸಿಬಿಡಬೇಕು. ನಮ್ಮ ಹಿರಿಯರು ಅದರ ಬೆನ್ನಿಗೆ ಕುಂಕುಮ ಹಚ್ಚಿ ಬಿಡುತ್ತಿದ್ದರು, ಕಾಯ್ದೆಗಿಂತ ಮೊದಲಿನಿಂದಲೂ.

ಅಳಿವೆದಂಡೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ಅಮಾವಾಸ್ಯೆಯ ಇಳಿತದಲ್ಲಿ ನಾವು ಏಳು ಮಂದಿ ಹೋಗಿ ದಂಡೆ ಅಳೆದೆವು. ಗೋಡೆಯ ಕೊನೆಯಿಂದ ಅಳಿವೆಯ ಬಾಯಿಯವರೆಗೆ ಗೋಡೆಯಿಲ್ಲದ ಮರಳು ಇರುವುದು 210 ಹೆಜ್ಜೆ. ಮೊದಲ 30 ಹೆಜ್ಜೆಯಲ್ಲಿ ಕಾಲಿಗೆ ಕಲ್ಲು ತಾಗಿತು, ಅದನ್ನು ಬಿಟ್ಟಿದ್ದೇವೆ. ಉಳಿದದ್ದಕ್ಕೆ ನಮ್ಮ ಬಲೆ ಉದ್ದವೇ ಆಯಿತು, ಎರಡು ಕಡೆಯಿಂದ ರೆಕ್ಕೆಯ ಒಂದೊಂದು ಪಟ್ಟಿ ತೆಗೆದು, ಇಲಿ ಕಡಿದ ಜಾಗಕ್ಕೆ ಅದನ್ನೇ ತೇಪೆ ಹಾಕಬಹುದೆಂದು ಕಣ್ಣು ಕಾಣದ ಹಿರಿಯರು ಹೇಳಿದ್ದಾರೆ. ಹೊಲಿಗೆ ಅವರದೇ ಉಸ್ತುವಾರಿ.

ಹೆಡಿಗೆಯವರ ಮಾತನ್ನು ಸಭೆಯಲ್ಲಿ ಓದಿ ಹೇಳಿದೆ. ಮೊದಲು ನಗೆ ಬಂತು, ಆಮೇಲೆ ಅತ್ತಿಗೆಯೊಬ್ಬರು ಎದ್ದು ನಿಂತು, ತಾನು ಮದುವೆಯಾಗಿ ಬಂದ ವರ್ಷ ಈ ಬಲೆಯ ಹಗ್ಗವನ್ನೇ ಎಳೆದಿದ್ದೆ, ಆಗ ಕೊಟ್ಟದ್ದು ನಾಲ್ಕು ತಾರ್ಲೆ ಎಂದರು. ಅದಾದ ಮೇಲೆ ಯಾರೂ ನಗಲಿಲ್ಲ. ಹದಿನಾಲ್ಕು ಹೆಂಗಸರು, ಹನ್ನೊಂದು ಗಂಡಸರು ಹೆಸರು ಕೊಟ್ಟಿದ್ದಾರೆ. ಎಲ್ಲರಿಗೂ ಒಂದೊಂದು ವಾಂಟೊ, ದಾರಿಹೋಕನಿಗೆ ಕಾಲು ಎಂದು ವಹಿಯಲ್ಲಿ ಬರೆದಿದ್ದೇವೆ. ಬಲೆ ನನ್ನ ಅಜ್ಜನದಾದರೂ ಹೊಸ ಹಗ್ಗ ಮತ್ತು ಸೀಸವನ್ನು ಎಲ್ಲರೂ ಸೇರಿ ತರುವುದರಿಂದ, ಬಲೆಯ ಭಾಗದಲ್ಲಿ ಅರ್ಧ ಮಾತ್ರ ನಮ್ಮ ಮನೆಗೆ.

ಈಗ ಉಳಿದದ್ದು ಒಂದೇ ಪ್ರಶ್ನೆ. ಕತ್ತದ ಹಗ್ಗವೋ, ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಗ್ಗವೋ? ಪ್ಲಾಸ್ಟಿಕ್ ಅಗ್ಗ, ಬಾಳಿಕೆಯೂ ಹೆಚ್ಚು.

ಹಳೇ ತಾಂಡೇಲ

ಪ್ಲಾಸ್ಟಿಕ್ಕೇ ತನ್ನಿ, ಅಂಗೈ ಉಳಿಯುತ್ತದೆ. ಆದರೆ ಅದು ನೀರಿನಲ್ಲಿ ತೇಲುತ್ತದೆ ಎಂಬುದನ್ನು ಮರೆಯಬೇಡಿ. ಬಲೆ ಸೇರುವ ತುದಿಯಲ್ಲಿ ಹತ್ತು ಮಾರು ಹಗ್ಗಕ್ಕೆ ಅಲ್ಲಲ್ಲಿ ಸೀಸ ಕಟ್ಟಿ, ಇಲ್ಲದಿದ್ದರೆ ರೆಕ್ಕೆಯ ಅಡಿ ಅಂಚು ಎದ್ದು ಮೊದಲ ದಿನವೇ ಮೀನು ತಪ್ಪಿಸಿಕೊಂಡು ನಿಮ್ಮವರ ಮನಸ್ಸು ಮುರಿಯುತ್ತದೆ. ಎರಡೂ ಹಗ್ಗಕ್ಕೆ ಐದೈದು ಮಾರಿಗೆ ಕೆಂಪು ಬಟ್ಟೆಯ ತುಂಡು ಗಂಟು ಹಾಕಿ. ಯಾವ ಕಡೆ ಮುಂದಾಯಿತು, ಯಾವ ಕಡೆ ಹಿಂದಾಯಿತು ಎಂಬುದು ಕೂಗದೆಯೇ ತಿಳಿಯುತ್ತದೆ. ಮೊದಲ ಸಲ ಹಾಕುವ ದಿನ ತಿಳಿಸಿ, ಮೊಮ್ಮಗಳು ಕರೆದುಕೊಂಡು ಬರುತ್ತಾಳೆ. ಎಳೆಯಲಾರೆ, ಹಗ್ಗ ಸುರುಳಿ ಸುತ್ತಬಲ್ಲೆ.